ಯಾರೂ ಕೇಳದ ಹಚ್ಚೆಯ ಕಥೆ: ‘ಲಾಸ್ಟ್’ ಧಾರಾವಾಹಿಯ ಒಂದು ಸೋತ ಕಂತು

ಅಕ್ಕ ಮತ್ತು ನಾನು ‘ಲಾಸ್ಟ್’ ನೋಡಿದ್ದು ಡಿವಿಡಿಯಲ್ಲಿ. ರಾತ್ರಿ ಊಟ ಮುಗಿಸಿ, ಅಮ್ಮ ಮಲಗಿದ ಮೇಲೆ, ಸೌಂಡ್ ಕಡಿಮೆ ಇಟ್ಟುಕೊಂಡು ನೋಡುತ್ತಿದ್ದೆವು. ದಿನಕ್ಕೆ ಎರಡೇ ಕಂತು ಅಂತ ಲೆಕ್ಕ. ಎಷ್ಟೋ ದಿನ ಅದು ನಾಲ್ಕಾಗುತ್ತಿತ್ತು. ಒಂದು ಮುಗಿದ ತಕ್ಷಣ "ಇನ್ನೊಂದು ಹಾಕೇ" ಅಂತ ಇಬ್ಬರಲ್ಲಿ ಒಬ್ಬರು ಹೇಳಲೇಬೇಕು. ಮೂರನೇ ಸೀಸನ್ನಿನ ಒಂಬತ್ತನೇ ಕಂತು ಮುಗಿದಾಗ ಮಾತ್ರ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅಕ್ಕ ರಿಮೋಟ್ ಪಕ್ಕಕ್ಕಿಟ್ಟು, "ಅವನು ಹಚ್ಚೆ ಯಾಕೆ ಹಾಕಿಸ್ಕೊಂಡ ಅಂತ ಇವ್ರನ್ನ ಯಾರು ಕೇಳಿದ್ರು ಕಣೇ?" ಅಂದಳು.

ಆ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿದೆ. ಇಷ್ಟದ ಧಾರಾವಾಹಿಯ ಒಂದು ಕಂತು ಸಪ್ಪೆಯಾದರೆ ಸಾಮಾನ್ಯವಾಗಿ ನಾವು ಒಂದೆರಡು ಮಾತು ಬೈದು ಮುಂದೆ ಹೋಗುತ್ತೇವೆ. ಈ ಕಂತನ್ನು ಹಾಗೆ ಬಿಟ್ಟು ಹೋಗಲು ನನಗೆ ಆಗಲಿಲ್ಲ. ಅದು ಯಾಕೆ ಸೋತಿತು ಅಂತ ಹಿಂದೆ ಬಿದ್ದು ಓದಿದೆ, ಮತ್ತೆ ನೋಡಿದೆ. ಓದುತ್ತಾ ಹೋದಂತೆ, ಆ ರಾತ್ರಿ ಅಕ್ಕ ಕೇಳಿದ್ದನ್ನೇ ಅದನ್ನು ಮಾಡಿದವರೂ ತಮ್ಮನ್ನು ತಾವು ಕೇಳಿಕೊಂಡಿದ್ದರು ಅಂತ ಗೊತ್ತಾಯಿತು. ಅದಕ್ಕೇ ಈ ಪ್ರಕರಣವನ್ನು ಪೂರ್ತಿಯಾಗಿ ಬಿಡಿಸಿ ಬರೆಯುತ್ತಿದ್ದೇನೆ. ಧಾರಾವಾಹಿ ನೋಡದವರಿಗೆ ಒಂದು ಮಾತು: ಮುಂದೆ ಕಥೆಯ ಗುಟ್ಟುಗಳು ಬರುತ್ತವೆ.

ಕಥೆ ಎಲ್ಲಿಗೆ ಬಂದು ನಿಂತಿತ್ತು

‘ಲಾಸ್ಟ್’ 2004ರ ಸೆಪ್ಟೆಂಬರ್ 22ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾಯಿತು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನವೊಂದು ಪೆಸಿಫಿಕ್ ಸಮುದ್ರದ ಯಾವುದೋ ದ್ವೀಪದಲ್ಲಿ ಬೀಳುತ್ತದೆ. ಬದುಕಿ ಉಳಿದವರ ಕಥೆ ಇದು. ಕಾಡಿನಲ್ಲಿ ಹಿಮಕರಡಿ ಸಿಗುತ್ತದೆ, ನೆಲದಲ್ಲಿ ಹೂತ ಕಬ್ಬಿಣದ ಬಾಗಿಲು ಸಿಗುತ್ತದೆ, ಮರಗಳನ್ನು ಮುರಿಯುವ ಏನೋ ಒಂದು ಓಡಾಡುತ್ತದೆ. ದ್ವೀಪದಲ್ಲಿ ಮೊದಲಿನಿಂದಲೂ ಬೇರೆ ಜನ ಇದ್ದಾರೆ. ಇವರು ಅವರನ್ನು ಸುಮ್ನೆ ‘ಅದರ್ಸ್’ ಅನ್ನುತ್ತಾರೆ. ಚಿತ್ರೀಕರಣ ಬಹುಪಾಲು ಹವಾಯಿಯ ಓವಾಹು ದ್ವೀಪದಲ್ಲಿ ನಡೆಯಿತು. 2005ರಲ್ಲಿ ಅತ್ಯುತ್ತಮ ಡ್ರಾಮಾ ಸರಣಿಗೆ ಕೊಡುವ ಎಮ್ಮಿ ಪ್ರಶಸ್ತಿಯೂ ಬಂತು.

ಕಥೆ ಹೇಳುವ ರೀತಿ ಗೊತ್ತಾಗದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಪ್ರತಿ ಕಂತಿನಲ್ಲೂ ಎರಡು ಎಳೆ. ಒಂದು, ದ್ವೀಪದಲ್ಲಿ ಈಗ ನಡೆಯುತ್ತಿರುವುದು. ಇನ್ನೊಂದು, ಒಬ್ಬರ ಹಿಂದಿನ ಬದುಕು, ಅಂದರೆ ಫ್ಲ್ಯಾಶ್‌ಬ್ಯಾಕ್. ಎರಡೂ ಒಂದಕ್ಕೊಂದು ಮಾತಾಡಬೇಕು. ಮೊದಲ ಸೀಸನ್ನಿನಲ್ಲಿ ಇದು ಎಷ್ಟು ಚೆನ್ನಾಗಿ ಕೂಡಿ ಬಂತು ಅಂದರೆ, ದ್ವೀಪದಲ್ಲಿ ಎದ್ದು ನಡೆದಾಡುವ ಜಾನ್ ಲಾಕ್ ವಿಮಾನ ಹತ್ತುವ ಮುಂಚೆ ವೀಲ್‌ಚೇರ್‌ನಲ್ಲಿದ್ದ ಅಂತ ಗೊತ್ತಾದ ಕ್ಷಣ ನನಗೆ ಮೈ ಜುಮ್ಮೆಂದಿತ್ತು. ಹಿಂದಿನ ಕಥೆ ಇವತ್ತಿನ ಮನುಷ್ಯನನ್ನು ಬೇರೆಯೇ ಮಾಡಿ ತೋರಿಸಿತು. ಫ್ಲ್ಯಾಶ್‌ಬ್ಯಾಕ್ ಮಾಡಬೇಕಾದ ಕೆಲಸವೇ ಅದು.

ಕಥಾನಾಯಕ ಜಾಕ್ ಶೆಫರ್ಡ್. ಬೆನ್ನುಮೂಳೆಯ ಸರ್ಜನ್. ಪಾತ್ರ ಮಾಡಿದ್ದು ಮ್ಯಾಥ್ಯೂ ಫಾಕ್ಸ್. ಮೂರನೇ ಸೀಸನ್ ಬರುವ ಹೊತ್ತಿಗೆ ಜಾಕ್‌ನ ಹಿಂದಿನ ಬದುಕನ್ನು ನಾವು ಬಹಳ ಸಲ ನೋಡಿಯಾಗಿತ್ತು. ಕುಡಿದು ಆಪರೇಷನ್ ಮಾಡಿದ ಅಪ್ಪನ ವಿರುದ್ಧ ಅವನೇ ಸಾಕ್ಷಿ ಹೇಳಿದ್ದು, ಅಪ್ಪನ ಶವ ತರಲು ಸಿಡ್ನಿಗೆ ಹೋಗಿದ್ದು, ತಾನು ಉಳಿಸಿದ ರೋಗಿಯನ್ನೇ ಮದುವೆಯಾಗಿದ್ದು, ಆ ಮದುವೆ ಮುರಿದಿದ್ದು, ಹೆಂಡತಿಗೆ ಯಾರ ಜೊತೆ ಸಂಬಂಧ ಅಂತ ಹುಚ್ಚನಂತೆ ಹುಡುಕಿದ್ದು. ಜಾಕ್ ಯಾಕೆ ಹೀಗೆ, ಯಾಕೆ ಎಲ್ಲವನ್ನೂ ತಾನೇ ಸರಿ ಮಾಡಬೇಕು ಅಂತ ಒದ್ದಾಡುತ್ತಾನೆ ಅನ್ನೋದು ನೋಡುವವರಿಗೆ ಚೆನ್ನಾಗಿ ಅರ್ಥವಾಗಿತ್ತು. ಹೇಳುವುದಕ್ಕೆ ಉಳಿದದ್ದು ಬಹಳ ಕಡಿಮೆ.

ಮೂರನೇ ಸೀಸನ್ನಿನ ಶುರುವಿನಲ್ಲಿ ಇನ್ನೊಂದು ಕಷ್ಟ ಇತ್ತು. ಬದುಕಿ ಉಳಿದವರಲ್ಲಿ ಜಾಕ್, ಕೇಟ್, ಸಾಯರ್ ಮೂವರನ್ನೂ ಅದರ್ಸ್ ಹಿಡಿದು ಪಕ್ಕದ ಚಿಕ್ಕ ದ್ವೀಪದಲ್ಲಿ ಕೂಡಿಹಾಕಿದ್ದರು. ಕೇಟ್ ಮತ್ತು ಸಾಯರ್ ಹಿಂದೆ ಕರಡಿಗಳನ್ನು ಇಟ್ಟಿದ್ದ ಪಂಜರಗಳಲ್ಲಿ, ಜಾಕ್ ನೀರಿನಡಿಯ ಕೋಣೆಯಲ್ಲಿ. ಕಂತಿನ ಮೇಲೆ ಕಂತು ಪಂಜರದಲ್ಲೇ ಕಳೆಯಿತು. 2006ರ ಅಕ್ಟೋಬರ್ 4ರಿಂದ ನವೆಂಬರ್ 8ರವರೆಗೆ ಆರು ಕಂತು ಹಾಕಿ ವಾಹಿನಿ ಧಾರಾವಾಹಿಯನ್ನು ನಿಲ್ಲಿಸಿತು. ಮತ್ತೆ ಶುರುವಾದದ್ದು 2007ರ ಫೆಬ್ರುವರಿ 7ಕ್ಕೆ. ಆರನೇ ಕಂತು ಜಾಕ್ ಒಬ್ಬ ಮನುಷ್ಯನ ಆಪರೇಷನ್ ಅರ್ಧಕ್ಕೆ ಬಿಟ್ಟು ನಿಂತಿರುವಾಗ ಮುಗಿದಿತ್ತು. ಆ ಜಾಗದಲ್ಲಿ ಮೂರು ತಿಂಗಳು ಕಾಯಿಸಿದರು. ನಾವು ಡಿಸ್ಕ್ ಬದಲಾಯಿಸಿದರೆ ಸಾಕಿತ್ತು. ವಾರವಾರ ನೋಡುತ್ತಿದ್ದ ಅಮೆರಿಕದವರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ಸೀಸನ್ನಿಗೆ ಹೋಲಿಸಿದರೆ ನೋಡುವವರೂ ಕಡಿಮೆಯಾಗಿದ್ದರು.

2007ರ ಫೆಬ್ರುವರಿ 21ರ ರಾತ್ರಿ

ಆ ಬುಧವಾರ ಬಂದ ಕಂತಿನ ಹೆಸರು ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’. ಪರದೇಶದಲ್ಲಿ ಪರಕೀಯ ಅನ್ನೋ ಅರ್ಥ. ಬೈಬಲ್‌ನಲ್ಲಿ ಮೋಶೆ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು. ಒಟ್ಟು ಲೆಕ್ಕದಲ್ಲಿ ಇದು 58ನೇ ಕಂತು. ಪ್ರೋಮೋದಲ್ಲಿ ದೊಡ್ಡ ದೊಡ್ಡ ರಹಸ್ಯಗಳಿಗೆ ಉತ್ತರ ಸಿಗುತ್ತದೆ ಅಂತ ಭರವಸೆ ಕೊಟ್ಟಿದ್ದರು.

ಫ್ಲ್ಯಾಶ್‌ಬ್ಯಾಕ್ ಹೀಗಿದೆ. ಜಾಕ್ ಥಾಯ್ಲೆಂಡ್‌ನ ಫುಕೆಟ್‌ನಲ್ಲಿದ್ದಾನೆ. ಸಮುದ್ರದ ದಡದಲ್ಲಿ ಗಾಳಿಪಟ ಹಾರಿಸಲು ಹೋಗಿ ಸೋಲುತ್ತಾನೆ. ಅಲ್ಲಿಗೆ ಅಚಾರಾ ಅನ್ನೋ ಹೆಂಗಸು ಬಂದು ಸಹಾಯ ಮಾಡುತ್ತಾಳೆ. ಇಬ್ಬರಿಗೂ ಪ್ರೀತಿಯಾಗುತ್ತದೆ. ಅವಳಿಗೆ ಯಾರೋ ಲಕೋಟೆಯಲ್ಲಿ ದುಡ್ಡು ಕೊಡುತ್ತಿರುತ್ತಾರೆ. ಜಾಕ್‌ಗೆ ಅನುಮಾನ. ಹಿಂಬಾಲಿಸಿ ಹೋದರೆ ಅವಳು ಹಚ್ಚೆ ಹಾಕುವವಳು ಅಂತ ಗೊತ್ತಾಗುತ್ತದೆ. ಮನುಷ್ಯರು ನಿಜವಾಗಿ ಯಾರು ಅಂತ ಕಾಣುವ ಶಕ್ತಿ ತನಗಿದೆ, ಅದನ್ನೇ ಅವರ ಮೈಮೇಲೆ ಬರೆಯುತ್ತೇನೆ ಅನ್ನುತ್ತಾಳೆ. ಹೊರಗಿನವರಿಗೆ ಹಾಕುವಂತಿಲ್ಲ ಅಂದರೂ ಜಾಕ್ ಕೇಳುವುದಿಲ್ಲ, ಬಲವಂತ ಮಾಡಿ ಹಾಕಿಸಿಕೊಳ್ಳುತ್ತಾನೆ. ಮರುದಿನ ಅವಳ ಸೋದರ ಮತ್ತು ಅವನ ಕಡೆಯವರು ಬಂದು ಜಾಕ್‌ಗೆ ಹೊಡೆದು, ದೇಶ ಬಿಟ್ಟು ಹೋಗು ಅನ್ನುತ್ತಾರೆ. ಅಷ್ಟೇ ಕಥೆ.

ಇದರಿಂದ ಜಾಕ್ ಬಗ್ಗೆ ನಮಗೆ ಹೊಸದಾಗಿ ಏನು ಗೊತ್ತಾಯಿತು? ಅಚಾರಾ ಅವನಿಗೆ, ನೀನು ನಾಯಕ, ದೊಡ್ಡ ಮನುಷ್ಯ, ಆದರೆ ಅದೇ ನಿನ್ನನ್ನು ಒಂಟಿ ಮಾಡಿದೆ, ಹೆದರಿಸಿದೆ, ಸಿಟ್ಟು ತರಿಸಿದೆ ಅನ್ನುತ್ತಾಳೆ. ಆ ಮಾತು ನಿಜ. ಆದರೆ ಎರಡೂವರೆ ಸೀಸನ್ ನೋಡಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ನಾವೇ ಕಂಡುಕೊಂಡಿದ್ದನ್ನು ಒಬ್ಬ ಹೊಸ ಪಾತ್ರ ಬಂದು, ದೈವಶಕ್ತಿಯ ಹೆಸರಲ್ಲಿ, ನಮಗೇ ಬಾಯಿ ಬಿಟ್ಟು ಹೇಳಿದಳು. ನನಗೆ ಬೇಜಾರಾಗಿದ್ದು ಮೊದಲು ಇಲ್ಲಿ.

ಹಚ್ಚೆ ಬಂದದ್ದು ಎಲ್ಲಿಂದ

ಹಚ್ಚೆಯ ಹಿಂದಿನ ನಿಜ ಕಥೆ ಕಂತಿನ ಕಥೆಗಿಂತ ಸರಳ. ಅದು ಜಾಕ್‌ನದಲ್ಲ, ನಟ ಮ್ಯಾಥ್ಯೂ ಫಾಕ್ಸ್ ಅವರದು. ಈ ಧಾರಾವಾಹಿಗೆ ಬರುವ ಮುಂಚೆಯೇ ಅವರ ಭುಜದ ಮೇಲೆ ಅದು ಇತ್ತು. ಮೇಕಪ್‌ನಲ್ಲಿ ಮುಚ್ಚದೆ ಹಾಗೇ ಬಿಟ್ಟರು. ಮೊದಲ ಸೀಸನ್ನಿನಲ್ಲಿ ಕೇಟ್ ಒಮ್ಮೆ ಕಾಡಿನಲ್ಲಿ ನಡೆಯುತ್ತಾ ಆ ಹಚ್ಚೆಯ ಬಗ್ಗೆ ಅವನನ್ನು ಕೆಣಕುತ್ತಾಳೆ. ಸರ್ಜನ್‌ಗೂ ಹಚ್ಚೆಗೂ ತಾಳೆಯಾಗುತ್ತಿಲ್ಲವಲ್ಲ ಅನ್ನೋ ಧಾಟಿಯಲ್ಲಿ. ಜಾಕ್ ಉತ್ತರ ಕೊಡುವುದಿಲ್ಲ. ಅದು ಬಹಳ ಚಂದದ ಕ್ಷಣ. ಅವನಿಗೂ ನಮಗೆ ಗೊತ್ತಿಲ್ಲದ ಒಂದು ಮೂಲೆ ಇದೆ ಅಂತ ಅಷ್ಟರಲ್ಲೇ ತಿಳಿಯಿತು. ಅಕ್ಕನಿಗೂ ನನಗೂ ಅಷ್ಟು ಸಾಕಾಗಿತ್ತು.

ಆ ಹಚ್ಚೆಯಲ್ಲಿರುವುದು ಚೀನೀ ಅಕ್ಷರಗಳು. ಮಾವೋ ತ್ಸೆ ತುಂಗ್ 1925ರಲ್ಲಿ ಚಾಂಗ್‌ಶಾ ಪಟ್ಟಣದ ಮೇಲೆ ಬರೆದ ಪದ್ಯದ ಒಂದು ತುಣುಕು. ಗಿಡುಗ ವಿಶಾಲ ಆಕಾಶವನ್ನು ಸೀಳಿ ಹಾರುತ್ತದೆ ಅನ್ನೋದು ಅದರ ಅರ್ಥ. ಕಂತಿನಲ್ಲಿ ಅದರ್ಸ್ ಕಡೆಯ ಇಸಬೆಲ್ ಅನ್ನೋ ಹೆಂಗಸು ಅದನ್ನು ಓದಿ, "ಅವನು ನಮ್ಮ ನಡುವೆ ನಡೆಯುತ್ತಾನೆ, ಆದರೆ ನಮ್ಮವನಲ್ಲ" ಅಂತ ಅರ್ಥ ಹೇಳುತ್ತಾಳೆ. ಅದಕ್ಕೆ ಜಾಕ್, ಅಕ್ಷರಗಳು ಹೇಳುವುದು ಅದು, ಅವುಗಳ ಅರ್ಥ ಅದಲ್ಲ ಅನ್ನುತ್ತಾನೆ. ಚೀನೀ ಓದಲು ಬರುವ ಲಕ್ಷಾಂತರ ಜನ ಇದನ್ನು ನೋಡುತ್ತಾರೆ ಅಂತ ಬರೆದವರಿಗೆ ಗೊತ್ತಿರಲೇಬೇಕು. ಜಾಕ್‌ನ ಆ ಮಾತು ಆ ತೂತಿಗೆ ಹಾಕಿದ ತೇಪೆ ಅಂತ ನನಗೆ ಅನ್ನಿಸುತ್ತದೆ. ತೇಪೆ ಕಣ್ಣಿಗೆ ಹೊಡೆಯುತ್ತದೆ.

ಇಲ್ಲಿ ಇನ್ನೊಂದು ಕೇಳಲೇಬೇಕು. ಥಾಯ್ಲೆಂಡ್‌ನ ಹೆಂಗಸು ಚೀನೀ ಅಕ್ಷರದಲ್ಲಿ ಯಾಕೆ ಬರೆದಳು? ಥಾಯ್ಲೆಂಡ್‌ಗೆ ತನ್ನದೇ ಹಚ್ಚೆಯ ಪರಂಪರೆ ಇದೆ. ಅದನ್ನು ‘ಸಾಕ್ ಯಂತ್’ ಅನ್ನುತ್ತಾರೆ. ಆ ‘ಯಂತ್’ ನಮ್ಮ ‘ಯಂತ್ರ’ವೇ. ಅಲ್ಲಿ ಖಮೇರ್ ಮೂಲದ ಲಿಪಿಯಲ್ಲಿ ಮಂತ್ರ ಬರೆಯುತ್ತಾರೆ. ಬೌದ್ಧ ಭಿಕ್ಷುಗಳೂ ಹಾಕುತ್ತಾರೆ, ಹಾಕಿಸಿಕೊಂಡವರು ಕೆಲವು ನಿಯಮ ಪಾಲಿಸಬೇಕು ಅನ್ನೋ ನಂಬಿಕೆಯೂ ಇದೆ. ನಿಜವಾಗಿ ಕಥೆಗೆ ಬೇಕಾದ ಗಂಭೀರತೆ, ಭಯ, ನಿಷೇಧ ಎಲ್ಲವೂ ಅಲ್ಲೇ ಸಿಗುತ್ತಿತ್ತು. ಅದನ್ನು ಬಿಟ್ಟು, ‘ಪೂರ್ವದ ನಿಗೂಢ ಹೆಂಗಸು’ ಅನ್ನೋ ಹಳೇ ಅಚ್ಚಿನಲ್ಲಿ ಒಂದು ಪಾತ್ರ ಎರಕ ಹೊಯ್ದರು. ಚೀನಾದಲ್ಲಿ ಹುಟ್ಟಿದ ನಟಿ ಬಾಯ್ ಲಿಂಗ್ ಆ ಪಾತ್ರ ಮಾಡಿದರು. ಅವರ ಮೇಲೆ ನನಗೆ ದೂರಿಲ್ಲ, ಬರೆದದ್ದನ್ನು ಅವರು ಮಾಡಿದರು. ಹಾವಾಡಿಗರು, ಸಾಧುಗಳು ಅಂತ ನಮ್ಮ ದೇಶವನ್ನೂ ಹೊರಗಿನವರು ಹೀಗೇ ತೋರಿಸಿದ್ದನ್ನು ನೋಡಿ ಬೆಳೆದವರಿಗೆ ಇದು ಬೇಗ ಕಾಣುತ್ತದೆ.

ನನ್ನ ಅಜ್ಜಿಯ ಎರಡೂ ಮುಂಗೈಯಲ್ಲಿ ಹಚ್ಚೆ ಇತ್ತು. ಚುಕ್ಕಿ, ತೊಟ್ಟಿಲು, ಒಂದು ಬಳ್ಳಿ. ಹಸಿರು ಮಾಸಿ ನೀಲಿಯಾಗಿತ್ತು, ಚರ್ಮ ಸುಕ್ಕಾದ ಹಾಗೆ ತೊಟ್ಟಿಲೂ ಸುಕ್ಕಾಗಿತ್ತು. ಊರಿಗೆ ಬರುತ್ತಿದ್ದ ಕೊರವಂಜಿಯ ಹತ್ತಿರ ಹುಯ್ಯಿಸಿಕೊಂಡಿದ್ದಂತೆ. ಕೊರವಂಜಿ ಕಣಿಯನ್ನೂ ಹೇಳುತ್ತಿದ್ದಳು, ಹಚ್ಚೆಯನ್ನೂ ಹುಯ್ಯುತ್ತಿದ್ದಳು. ಅಂದರೆ ಮನುಷ್ಯರನ್ನು ಓದಿ ಮೈಮೇಲೆ ಗುರುತು ಹಾಕುವ ಹೆಂಗಸು ನಮಗೆ ಹೊಸಬಳೇನಲ್ಲ. ಸತ್ತ ಮೇಲೆ ಜೊತೆಗೆ ಬರುವುದು ಇದೊಂದೇ ಅಂತ ಅಜ್ಜಿ ಹೇಳುತ್ತಿದ್ದಳು. ಆ ಒಂದು ಮಾತಿನಲ್ಲಿ ಇರುವ ಭಾರ ಫುಕೆಟ್‌ನ ಅಷ್ಟೂ ದೃಶ್ಯಗಳಲ್ಲಿ ನನಗೆ ಸಿಗಲಿಲ್ಲ. ಹಚ್ಚೆ ಚಿಕ್ಕ ವಿಷಯ ಅನ್ನೋದಕ್ಕಾಗಿ ಈ ಕಂತು ಸೋಲಲಿಲ್ಲ. ಹಚ್ಚೆಯ ಮೇಲೆ ಒಳ್ಳೇ ಕಥೆ ಬರಬಹುದಿತ್ತು.

ಕೇಳಿದ ಪ್ರಶ್ನೆಗಳ ಗತಿ

ಅಕ್ಕನ ಸಿಟ್ಟಿಗೆ ನಿಜವಾದ ಕಾರಣ ಬೇರೆ. ಅದು ಎರಡನೇ ಸಲ ನೋಡುವಾಗ ನನಗೆ ಸ್ಪಷ್ಟವಾಯಿತು.

ಈ ಕಂತಿನ ದ್ವೀಪದ ಎಳೆಯಲ್ಲಿ ಒಂದು ದೃಶ್ಯ ಇದೆ. ಜಾಕ್‌ನನ್ನು ಈಗ ಪಂಜರಕ್ಕೆ ಹಾಕಿದ್ದಾರೆ. ಅವನ ಮುಂದೆ ಒಂದು ಗುಂಪು ಬಂದು ನಿಲ್ಲುತ್ತದೆ. ಅದರಲ್ಲಿ ಸಿಂಡಿ ಇದ್ದಾಳೆ. ಸಿಂಡಿ ಆ ವಿಮಾನದ ಗಗನಸಖಿ. ಎರಡನೇ ಸೀಸನ್ನಿನಲ್ಲಿ ಕಾಡಿನಲ್ಲಿ ನಡೆಯುತ್ತಿದ್ದಾಗ ಗುಂಪಿನಿಂದ ಮಾಯವಾಗಿದ್ದಳು. ಅವಳ ಜೊತೆ ಇಬ್ಬರು ಮಕ್ಕಳು, ಝ್ಯಾಕ್ ಮತ್ತು ಎಮ್ಮಾ. ಅವರನ್ನೂ ಅದರ್ಸ್ ಎತ್ತಿಕೊಂಡು ಹೋಗಿದ್ದರು. ಅವರೆಲ್ಲ ಏನಾದರು ಅಂತ ವಾಹಿನಿಯಲ್ಲಿ ನೋಡುತ್ತಿದ್ದ ಜನ ಒಂದು ವರ್ಷಕ್ಕೂ ಜಾಸ್ತಿ ಕಾದಿದ್ದರು. ನಾವಿಬ್ಬರೂ ಎದ್ದು ಕೂತೆವು. ಸಿಂಡಿ ಸ್ವಚ್ಛ ಬಟ್ಟೆ ಹಾಕಿಕೊಂಡು, ಆರಾಮಾಗಿ, ನಾವು ನೋಡಲು ಬಂದಿದ್ದೇವೆ ಜಾಕ್ ಅನ್ನುತ್ತಾಳೆ. ಏನು ನೋಡಲು ಅಂತ ಜಾಕ್ ಕೇಳುತ್ತಾನೆ. ಉತ್ತರ ಇಲ್ಲ. ಹುಡುಗಿ ತಮ್ಮ ಹಳೇ ಗುಂಪಿನ ಆನಾ ಲೂಸಿಯಾ ಹೇಗಿದ್ದಾಳೆ ಅಂತ ಕೇಳುತ್ತಾಳೆ. ಆನಾ ಲೂಸಿಯಾ ಸತ್ತಿರುವುದು ನಮಗೆ ಗೊತ್ತು, ಆ ಮಗುವಿಗೆ ಗೊತ್ತಿಲ್ಲ. ಹೊಟ್ಟೆ ಚುರ್ ಅನ್ನುವ ಪ್ರಶ್ನೆ. ಜಾಕ್ ಕೂಗಾಡಿ ಅವರನ್ನು ಓಡಿಸುತ್ತಾನೆ. ದೃಶ್ಯ ಮುಗಿಯುತ್ತದೆ. ಮತ್ತೆ ಫುಕೆಟ್.

ಒಂದು ಸೀಸನ್‌ಗೂ ಜಾಸ್ತಿ ಕಾಲದಿಂದ ನಾವು ಕೇಳುತ್ತಿದ್ದ ಪ್ರಶ್ನೆಗೆ ಎರಡು ನಿಮಿಷ. ಯಾರೂ ಕೇಳದ ಪ್ರಶ್ನೆಗೆ ಅರ್ಧ ಕಂತು. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇದೇ. ಕಂತು ನಿಧಾನವಾಗಿತ್ತು, ಪ್ರೇಮಕಥೆ ಸಪ್ಪೆಯಾಗಿತ್ತು ಅಂತೆಲ್ಲ ಹೇಳಬಹುದು. ನಿಧಾನದ ಕಂತುಗಳನ್ನು ನಾವು ಎಷ್ಟೋ ಸಲ ಖುಷಿಯಿಂದ ನೋಡಿದ್ದೇವೆ. ನೋಡುವವರು ಒಂದು ಧಾರಾವಾಹಿಗೆ ಕೊಡುವುದು ಬರೀ ಸಮಯವಲ್ಲ. ಏನನ್ನು ನೆನಪಿಟ್ಟುಕೊಳ್ಳಬೇಕು, ಯಾವುದಕ್ಕೆ ಕಾಯಬೇಕು ಅಂತ ಧಾರಾವಾಹಿ ಹೇಳಿಕೊಡುತ್ತದೆ, ನಾವು ಹಾಗೇ ನೆನಪಿಟ್ಟುಕೊಂಡು ಕಾಯುತ್ತೇವೆ. ನಾವು ಕಾಪಾಡಿಟ್ಟುಕೊಂಡದ್ದನ್ನು ಅದೇ ಮರೆತ ಹಾಗೆ ನಡೆದುಕೊಂಡರೆ ಮನಸ್ಸಿಗೆ ನೋವಾಗುತ್ತದೆ. ಆ ರಾತ್ರಿ ನಮಗೆ ಆದದ್ದು ಅದು.

ಇನ್ನೊಂದು ಪರೀಕ್ಷೆ ಮಾಡಿ ನೋಡಿದೆ. ಈ ಕಂತನ್ನು ಪೂರ್ತಿ ತೆಗೆದುಹಾಕಿದರೆ ಏನು ಹೋಗುತ್ತದೆ? ಅಚಾರಾ ಮತ್ತೆ ಎಂದೂ ಬರುವುದಿಲ್ಲ. ಅದರ್ಸ್‌ನ ನ್ಯಾಯಾಧಿಕಾರಿಯ ಹಾಗೆ ಗತ್ತಿನಿಂದ ಬಂದ ಇಸಬೆಲ್ ಕೂಡ ಇದೊಂದೇ ಕಂತಿಗೆ. ತಮ್ಮವನೊಬ್ಬನನ್ನೇ ಕೊಲೆ ಮಾಡಿದ ತಪ್ಪಿಗೆ ಅದರ್ಸ್‌ನ ಡಾಕ್ಟರ್ ಜೂಲಿಯೆಟ್‌ಗೆ ಮರಣದಂಡನೆ ಆಗಬೇಕಿತ್ತು. ಜಾಕ್ ಅದರ್ಸ್‌ನ ಮುಖ್ಯಸ್ಥ ಬೆನ್ ಜೊತೆ ಚೌಕಾಸಿ ಮಾಡಿ ಅದನ್ನು ತಪ್ಪಿಸುತ್ತಾನೆ, ಬದಲಿಗೆ ಅವಳ ಬೆನ್ನ ಮೇಲೆ ಬರೆ ಹಾಕುತ್ತಾರೆ. ಆ ಬರೆಯ ಅರ್ಥವೇನು ಅಂತ ಕಥೆ ಆಮೇಲೆ ಬಿಡಿಸಿ ಹೇಳುವುದೇ ಇಲ್ಲ. ಕೊನೆಗೆ ಜಾಕ್ ಮತ್ತು ಅದರ್ಸ್ ದೋಣಿಯಲ್ಲಿ ದೊಡ್ಡ ದ್ವೀಪಕ್ಕೆ ಹೊರಡುತ್ತಾರೆ. ಮುಂದಿನ ಕಥೆಗೆ ನಿಜವಾಗಿ ಬೇಕಾದದ್ದು ಈ ದೋಣಿ ಪ್ರಯಾಣ ಒಂದೇ.

ಒಳ್ಳೆಯದೂ ಇತ್ತು

ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ತಪ್ಪಿಸಿಕೊಂಡು ಬಂದ ಕೇಟ್ ಮತ್ತು ಸಾಯರ್ ಜೊತೆ ಕಾರ್ಲ್ ಅನ್ನೋ ಹದಿಹರೆಯದ ಹುಡುಗ ಇರುತ್ತಾನೆ. ಅವನು ಅದರ್ಸ್ ಕಡೆಯವನು, ಅಲೆಕ್ಸ್ ಅನ್ನೋ ಹುಡುಗಿಯನ್ನು ಪ್ರೀತಿಸಿದವನು. ಒಬ್ಬನೇ ಕೂತು ಅಳುತ್ತಿರುತ್ತಾನೆ. ಸಾಯರ್ ಹತ್ತಿರ ಹೋಗುತ್ತಾನೆ. ತಾವಿಬ್ಬರೂ ಅವಳ ಮನೆಯ ಹಿತ್ತಲಲ್ಲಿ ಮಲಗಿ ನಕ್ಷತ್ರಗಳಿಗೆ ಹೆಸರಿಡುತ್ತಿದ್ದೆವು ಅಂತ ಹುಡುಗ ಹೇಳುತ್ತಾನೆ. ಒಂದು ಸಣ್ಣ ಹಿತ್ತಲು. ಅಲ್ಲಿಯವರೆಗೆ ರಾಕ್ಷಸರ ಹಾಗೆ ಕಂಡಿದ್ದ ಜನಕ್ಕೂ ಮನೆ, ಹಿತ್ತಲು, ಆಕಾಶ ನೋಡುವ ಮಕ್ಕಳು ಇದ್ದಾರೆ ಅಂತ ಆಗ ಎದೆಗೆ ತಟ್ಟುತ್ತದೆ. ಯಾವಾಗಲೂ ಒರಟಾಗಿ ಮಾತಾಡುವ ಸಾಯರ್ ಅವನಿಗೆ ಧೈರ್ಯ ಹೇಳಿ, ಅವಳ ಹತ್ತಿರ ವಾಪಸ್ ಹೋಗು ಅಂತ ಕಳಿಸುತ್ತಾನೆ. ತನಗೆ ಕೇಟ್ ಸಿಗುವುದಿಲ್ಲ ಅನ್ನೋ ನೋವು ಆ ಮಾತಿನಲ್ಲಿ ಕಾಣುತ್ತದೆ, ಯಾರೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಜಾಕ್ ಲೋಳೆಸರ ಮುರಿದು ಜೂಲಿಯೆಟ್‌ನ ಬರೆಯ ಮೇಲೆ ಹಚ್ಚುವ ದೃಶ್ಯವೂ ಹಾಗೇ. ಮಾತು ಕಡಿಮೆ. ಜೂಲಿಯೆಟ್ ಪಾತ್ರ ಮಾಡಿದ ಎಲಿಜಬೆತ್ ಮಿಚೆಲ್ ಅವರ ಮುಖ ನೋಡಿದರೆ ಸಾಕು.

ಹಾಗಾದರೆ ಇದು ಕೈಲಾಗದವರು ಮಾಡಿದ ಕಂತಲ್ಲ. ಬರೆದವರು ಎಲಿಜಬೆತ್ ಸಾರ್ನಾಫ್ ಮತ್ತು ಕ್ರಿಸ್ಟಿನಾ ಎಂ. ಕಿಮ್. ನಿರ್ದೇಶಿಸಿದವರು ಪ್ಯಾರಿಸ್ ಬಾರ್ಕ್ಲೇ. ‘ಎನ್‌ವೈಪಿಡಿ ಬ್ಲೂ’ ಧಾರಾವಾಹಿಗೆ ಎರಡು ಎಮ್ಮಿ ಗೆದ್ದಿದ್ದವರು. ಇಷ್ಟು ಪಳಗಿದವರು ಸೇರಿಯೂ ಕಂತು ಸೋತಿತು ಅಂದರೆ ಕಾರಣವನ್ನು ಅವರ ಮೇಜಿನ ಆಚೆಗೆ ಹುಡುಕಬೇಕು.

ಕೊನೆ ಗೊತ್ತಿಲ್ಲದ ಕಥೆ

ಆಗ ಅಮೆರಿಕದ ವಾಹಿನಿಗಳಲ್ಲಿ ಒಂದು ಧಾರಾವಾಹಿ ಗೆದ್ದರೆ ಅದು ಮುಂದುವರಿಯುತ್ತಲೇ ಇರಬೇಕು. ವರ್ಷಕ್ಕೆ 22ರಿಂದ 25 ಕಂತು. ಜನ ನೋಡುವಷ್ಟು ದಿನ, ಜಾಹೀರಾತು ಬರುವಷ್ಟು ದಿನ. ನಿಲ್ಲಿಸುವುದು ಕಥೆ ಮುಗಿದಾಗಲ್ಲ, ನೋಡುವವರು ಮುಗಿದಾಗ. ಪೊಲೀಸ್, ಆಸ್ಪತ್ರೆ, ಕೋರ್ಟಿನ ಕಥೆಗಳಿಗೆ ಇದು ನಡೆಯುತ್ತದೆ. ವಾರಕ್ಕೊಂದು ಹೊಸ ಕೇಸು ಬರುತ್ತದೆ, ಮುಗಿಯುತ್ತದೆ. ‘ಲಾಸ್ಟ್’ ಹಾಗಲ್ಲ. ಅದು ಒಂದೇ ಒಗಟು. ಒಗಟನ್ನು ಯಾವತ್ತು ಬಿಡಿಸಬೇಕು ಅಂತ ಗೊತ್ತಿಲ್ಲದಿದ್ದರೆ ಇವತ್ತು ಎಷ್ಟು ಬಿಡಿಸಬೇಕು ಅಂತಲೂ ಗೊತ್ತಾಗುವುದಿಲ್ಲ. ಜಾಸ್ತಿ ಹೇಳಿದರೆ ನಾಳೆಗೆ ಉಳಿಯುವುದಿಲ್ಲ. ಆಗ ಬರೆಯುವವರು ಏನು ಮಾಡಬೇಕು? ದೊಡ್ಡದನ್ನು ಮುಟ್ಟದೆ ಚಿಕ್ಕದನ್ನು ಬಿಡಿಸಬೇಕು. ಸಿಂಡಿಯ ವಿಷಯ ಹೇಳಿದರೆ ಅದರ್ಸ್ ಯಾರು ಅಂತ ಹೇಳಬೇಕಾಗುತ್ತದೆ. ಹಚ್ಚೆಯ ಕಥೆ ಹೇಳಿದರೆ ಯಾವ ಗುಟ್ಟೂ ಖರ್ಚಾಗುವುದಿಲ್ಲ.

ನಮ್ಮ ಕನ್ನಡ ಧಾರಾವಾಹಿ ನೋಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಎಳೀತಿದ್ದಾರೆ’ ಅಂತ ನಮ್ಮಲ್ಲಿ ಒಂದೇ ಮಾತಿದೆ. ಅಮ್ಮ ಸಂಜೆ ನೋಡುವ ಧಾರಾವಾಹಿಯಲ್ಲಿ ಒಂದು ಸತ್ಯ ಹೊರಬರಬೇಕಾದರೆ ನಡುವೆ ಒಂದು ಹಬ್ಬ, ಒಂದು ಸೀಮಂತ, ಒಂದು ಆಸ್ಪತ್ರೆ ಟ್ರ್ಯಾಕ್ ಬರುತ್ತದೆ. ಹೇಳಲು ಹೊರಟವರ ಫೋನ್ ಸರಿಯಾಗಿ ಅದೇ ಹೊತ್ತಿಗೆ ಆಫ್ ಆಗುತ್ತದೆ. ಅಮ್ಮ ಅಡುಗೆಮನೆಯಿಂದಲೇ "ಇವತ್ತೂ ಹೇಳಲ್ಲ ಬಿಡು" ಅಂತಾರೆ. ವಾರಕ್ಕೆ ಐದಾರು ದಿನ ಅರ್ಧ ಗಂಟೆ ತುಂಬಿಸಬೇಕಾದ ಕಷ್ಟ ಅಲ್ಲಿಯದು. ‘ಲಾಸ್ಟ್’ನದು ವಾರಕ್ಕೊಂದೇ ಗಂಟೆ, ಹಣವೂ ತುಂಬಾ ದೊಡ್ಡದು. ಆದರೂ ಕಾಯಿಲೆ ಒಂದೇ.

ಧಾರಾವಾಹಿಯನ್ನು ನಡೆಸುತ್ತಿದ್ದ ಡೇಮನ್ ಲಿಂಡೆಲಾಫ್ ಮತ್ತು ಕಾರ್ಲ್ಟನ್ ಕ್ಯೂಸ್ ಇದನ್ನು ಮೊದಲೇ ಕಂಡಿದ್ದರು. ಕೊನೆಯ ದಿನ ಗೊತ್ತುಮಾಡಿ ಅಂತ ವಾಹಿನಿಯನ್ನು ಕೇಳುತ್ತಲೇ ಇದ್ದರು. ಜನ ಇಷ್ಟಪಟ್ಟು ನೋಡುತ್ತಿರುವುದನ್ನು ಯಾಕೆ ನಿಲ್ಲಿಸಬೇಕು ಅನ್ನೋದು ವಾಹಿನಿಯ ಮಾತು. ಕೊನೆಗೆ ಮುಗಿಸಲು ಒಪ್ಪಿದಾಗಲೂ ಹತ್ತು ಸೀಸನ್ ಮಾಡೋಣ ಅಂದಿದ್ದರಂತೆ. ಇದನ್ನು ಲಿಂಡೆಲಾಫ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಜಾಕ್‌ನ ಹಚ್ಚೆಯ ಕಂತು ಬಂದಾಗ ಅವರ ವಾದಕ್ಕೆ ಕೈಯಲ್ಲಿ ಹಿಡಿದು ತೋರಿಸುವಂಥ ಸಾಕ್ಷಿ ಸಿಕ್ಕಿತು. ಕೊನೆ ಇಲ್ಲದೆ ಮುಂದುವರಿಸಿದರೆ ಇನ್ನು ಮುಂದೆ ಬರುವುದು ಇಂಥ ಕಂತುಗಳೇ ಅಂತ ಅವರು ತೋರಿಸಿದರು. ತಾವೇ ಮಾಡಿದ ಕಂತನ್ನು ಹೀಗೆ ಮುಂದಿಡಲು ಧೈರ್ಯ ಬೇಕು. ಅವರ ಮೇಲೆ ನನಗಿರುವ ಗೌರವ ಇದರಿಂದ ಹೆಚ್ಚಾಯಿತು.

2007ರ ಮೇ ತಿಂಗಳಲ್ಲಿ ಎಬಿಸಿ ಪ್ರಕಟಿಸಿತು: ಇನ್ನು 48 ಕಂತು, ವರ್ಷಕ್ಕೆ 16ರಂತೆ ಮೂರು ಸೀಸನ್, 2010ಕ್ಕೆ ಮುಕ್ತಾಯ. ಅಷ್ಟು ಚೆನ್ನಾಗಿ ಓಡುತ್ತಿದ್ದ ಧಾರಾವಾಹಿಗೆ ಒಂದು ದೊಡ್ಡ ವಾಹಿನಿ ಮೂರು ವರ್ಷ ಮುಂಚೆ ಕೊನೆಯ ದಿನ ಹೇಳುವುದು ಆಗ ಅಪರೂಪ. ಆಮೇಲೆ ಬರಹಗಾರರ ಮುಷ್ಕರದಿಂದ ನಾಲ್ಕನೇ ಸೀಸನ್ ಚಿಕ್ಕದಾಯಿತು, ಲೆಕ್ಕ ಸ್ವಲ್ಪ ಆಚೀಚೆ ಆಯಿತು. ಮುಗಿದದ್ದು ಮಾತ್ರ ಹೇಳಿದ ಹಾಗೆ, 2010ರ ಮೇ 23ರಂದು.

ಅದೇ ಜಾಕ್, ಹದಿಮೂರು ವಾರದ ನಂತರ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. 2007ರ ಮೇ 23ರಂದು ಮೂರನೇ ಸೀಸನ್ನಿನ ಕೊನೆಯ ಕಂತು ಬಂತು. ಹಚ್ಚೆಯ ಕಂತಿನಿಂದ ಸರಿಯಾಗಿ ಹದಿಮೂರು ವಾರ. ಮತ್ತೆ ಜಾಕ್‌ನದೇ ಕಥೆ. ಮತ್ತೆ ದ್ವೀಪದ ಆಚೆ. ಗಡ್ಡ ಬೆಳೆದಿದೆ, ಕುಡಿಯುತ್ತಾನೆ, ಮಾತ್ರೆ ನುಂಗುತ್ತಾನೆ, ಸೇತುವೆಯಿಂದ ಹಾರಲು ಹೋಗುತ್ತಾನೆ. ಅಕ್ಕ "ಅಯ್ಯೋ, ಮತ್ತೆ ಇವನ ಹಳೇ ಗೋಳು" ಅಂತ ದಿಂಬಿಗೆ ಒರಗಿದಳು. ನನಗೂ ಹಾಗೇ ಅನ್ನಿಸಿತು. ಕೊನೆಯ ದೃಶ್ಯದಲ್ಲಿ ಜಾಕ್ ರಾತ್ರಿ ವಿಮಾನ ನಿಲ್ದಾಣದ ಹತ್ತಿರ ಯಾರಿಗೋ ಕಾಯುತ್ತಾನೆ. ಕಾರು ಬರುತ್ತದೆ. ಇಳಿಯುವುದು ಕೇಟ್. ದ್ವೀಪಕ್ಕೆ ಬರುವ ಮುಂಚೆ ಅವರಿಬ್ಬರೂ ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ. ಅಂದರೆ ಇದು ಹಿಂದಿನ ಕಥೆಯಲ್ಲ. ಮುಂದಿನದು. ಅವರು ದ್ವೀಪದಿಂದ ಪಾರಾಗಿದ್ದಾರೆ, ಮತ್ತು ಜಾಕ್‌ಗೆ ವಾಪಸ್ ಹೋಗಬೇಕು.

ಅಕ್ಕ ನನ್ನ ಮಂಡಿ ಹಿಡಿದುಕೊಂಡಳು. ಅಷ್ಟು ಜೋರಾಗಿ ಹಿಡಿದಿದ್ದಳು ಅಂದರೆ ಮರುದಿನವೂ ನೋಯುತ್ತಿತ್ತು.

ಅದೇ ನಟ, ಅದೇ ಪಾತ್ರ, ಅದೇ ಎರಡು ಎಳೆಯ ಕಟ್ಟು, ಅದೇ ಸೀಸನ್. ಬದಲಾದದ್ದು ಒಂದೇ. ಈಗ ಕಥೆ ಎಲ್ಲಿಗೋ ಹೋಗುತ್ತಿತ್ತು. ಫ್ಲ್ಯಾಶ್‌ಬ್ಯಾಕ್ ಬರಿದಾಗಿತ್ತು ಅಂತ ಫುಕೆಟ್ ತೋರಿಸಿತ್ತು. ನೋಡುವವರಿಗೆ ಅದು ಹಳಸಿದೆ ಅಂತ ಗೊತ್ತಿದ್ದದ್ದನ್ನೇ ಬಳಸಿಕೊಂಡು ಅವರು ಆಟ ಕಟ್ಟಿದರು. ‘ಮತ್ತೆ ಹಳೇ ಗೋಳು’ ಅಂತ ನಾವು ಒರಗುತ್ತೇವೆ ಅಂತಲೇ ಲೆಕ್ಕ ಹಾಕಿದ್ದರು.

ಇತ್ತೀಚೆಗೆ ಮತ್ತೆ ಮೊದಲಿಂದ ನೋಡುತ್ತಾ ಬಂದೆ. ಅಕ್ಕ ಈಗ ಬೇರೆ ಊರಲ್ಲಿದ್ದಾಳೆ. ನಾನು ಎಲ್ಲಿಗೆ ಬಂದೆ ಅಂತ ದಿನಾ ಫೋನಿನಲ್ಲಿ ಕೇಳುತ್ತಾಳೆ. ಮೂರನೇ ಸೀಸನ್ ಒಂಬತ್ತು ಅಂದಾಗ, "ಅದನ್ನ ಬಿಟ್ಟು ಮುಂದಕ್ಕೆ ಹೋಗೇ, ಯಾಕೆ ಸುಮ್ನೆ" ಅಂದಳು. ಬಿಡಲಿಲ್ಲ, ಪೂರ್ತಿ ನೋಡಿದೆ. ಹಿತ್ತಲು, ನಕ್ಷತ್ರದ ಮಾತು ಬಂದಾಗ ಒಮ್ಮೆ ಹಿಂದಕ್ಕೆ ಹಾಕಿ ಇನ್ನೊಂದು ಸಲ ನೋಡಿದೆ. ಮುಗಿದ ಮೇಲೆ ಅವಳಿಗೆ ಫೋನ್ ಮಾಡಿದೆ.

"ಹಚ್ಚೆ ವಿಷಯ ಹೋಗ್ಲಿ. ಆ ಸಿಂಡಿ ಏನ್ ನೋಡೋಕೆ ಬಂದಿದ್ಲು ಅಂತ ಈಗಾದ್ರೂ ಗೊತ್ತಾಯ್ತಾ?" ಅಂತ ಕೇಳಿದಳು.

"ಇಲ್ಲ ಕಣಕ್ಕ" ಅಂದೆ.